ನಿಲ್ಲಬಾರದ ವೇಗ

“ಅಜ್ಜಾರ, ತಾಳ್ಮಿಯಿಂದ ಹಿಡಕೊಂಡ ಸಂಬಂಧನೂ ಯಾಕ ಹರೀತೈತಿ?”

ಕೇಳಿದವನು ಚಂದ್ರಾಮ. ಮಠಕ್ಕೆ ಬಂದು ನಾಲ್ಕು ವರ್ಷವಾದ ಶಿಷ್ಯ. ಮುಂದಿನ ತಿಂಗಳು ಅವನ ದೀಕ್ಷೆ. ದೀಕ್ಷೆಯಾದರೆ ಮನೆಯ ನಂಟು ಅಲ್ಲಿಗೆ ಮುಗಿಯಿತು. ಅವನಿಗೆ ಮನೆ ಎಂದು ಉಳಿದಿದ್ದವಳು ಅಕ್ಕ ಒಬ್ಬಳೇ. ಚಿಕ್ಕಂದಿನಲ್ಲಿ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು.

ಮೂರು ತಿಂಗಳ ಹಿಂದೆ ಅವರ ಅವ್ವ ತೀರಿಕೊಂಡಾಗ ಚಂದ್ರಾಮ ನಲವತ್ತು ದಿನದ ಮೌನವ್ರತದಲ್ಲಿದ್ದ. ಅಕ್ಕ ಸುದ್ದಿ ಕಳಿಸಲಿಲ್ಲ. ವ್ರತ ಕೆಡಿಸಬೇಡ ಎಂದು ಅವ್ವನೇ ಹೇಳಿದ್ದಳು ಎಂಬುದು ಅವಳ ಮಾತು. ಚಂದ್ರಾಮ ಊರು ಮುಟ್ಟುವ ಹೊತ್ತಿಗೆ ಮಣ್ಣು ಮುಗಿದು ಹನ್ನೆರಡು ದಿನವಾಗಿತ್ತು. ಅಂದಿನಿಂದ ಅವನು ಪ್ರತಿ ಭಾನುವಾರ ಅಕ್ಕನ ಮನೆಗೆ ಹೋಗುತ್ತಿದ್ದ.

“ದನಿ ಏರಸಂಗಿಲ್ರಿ,” ಎಂದ ಚಂದ್ರಾಮ. “ಮೆಲ್ಲಕ ಕೂಡ್ತೇನಿ, ಮೆಲ್ಲಕ ಮಾತಾಡ್ತೇನಿ. ಯಾಕ ಹೇಳಿ ಕಳಸಲಿಲ್ಲ ಅನ್ನೂದು ಒಮ್ಮೆ ಬಗೀಹರಿದ್ರ ಸಾಕ್ರಿ ನನಗ. ಆದ್ರ ಹೋದಾಗೆಲ್ಲಾ ಏನರೆ ಒಂದು ಹರೀತೈತಿ. ಹೋದ ವಾರ ಆಕಿ, ಇನ್ನ ಬರಬ್ಯಾಡ ಅಂದ್ಲು. ಹೆಂಗೂ ದೀಕ್ಷಾ ಬಂತು. ಈಗ ಕಡದ ಬಿಡ್ಲೇನ್ರಿ?”

ಮಠದ ಸ್ವಾಮಿಗಳಾದ ಅಜ್ಜಾರು ಪೂರ್ವಾಶ್ರಮದಲ್ಲಿ ಐಟಿಐನಲ್ಲಿ ಹುಡುಗರಿಗೆ ಫಿಟ್ಟರ್ ಪಾಠ ಹೇಳಿದವರು. ಅವರ ದೃಷ್ಟಾಂತಗಳಲ್ಲಿ ರಾಜ, ಮಂತ್ರಿ ಬರುವುದು ಕಡಿಮೆ. ನಟ್ಟು ಬೋಲ್ಟುಗಳೇ ಹೆಚ್ಚು. ಶಿಷ್ಯರಿಗೆ ಇದು ರೂಢಿಯಾಗಿತ್ತು. ಅಜ್ಜಾರು ಕನ್ನಡಕ ತೆಗೆದು ಪಕ್ಕಕ್ಕಿಟ್ಟು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಫಿಟ್ಟರ್ ಇದ್ದ. ಹತ್ತಿ ಗಿರಣಿಯಲ್ಲಿ ಮೂವತ್ತು ವರ್ಷ ದುಡಿದವನು. ಅವನಿಗೊಬ್ಬ ಗೆಳೆಯ, ಬಡಗಿ. ಇಬ್ಬರಿಗೂ ಒಂದೇ ಹುಚ್ಚು. ತಮ್ಮ ಕೈಯಾರೆ ಒಂದು ವಿಮಾನ ಮಾಡಬೇಕು, ಅದು ಹಾರಬೇಕು. ಹುಚ್ಚು ಎಂಬುದು ಊರವರ ಮಾತು. ನಾನು ಹಾಗೆ ಅನ್ನುವುದಿಲ್ಲ. ಮನೆ ಬಿಟ್ಟು ಕಾವಿ ಉಟ್ಟವರು ಇನ್ನೊಬ್ಬರ ಹುಚ್ಚು ಅಳೆಯಲು ಹೋಗಬಾರದು.

ಫಿಟ್ಟರ್ ರಜೆ ಹಾಕಿ ಹಾಕಿ ದೂರದ ಕ್ಲಬ್ಬೊಂದರಲ್ಲಿ ವಿಮಾನ ಹಾರಿಸುವುದನ್ನು ಕಲಿತಿದ್ದ. ಬಡಗಿ ಮನೆಯ ಮಾಳಿಗೆಗಿಂತ ಮೇಲೆ ಹೋದವನಲ್ಲ. ಊರಾಚೆ ಯಾವುದೋ ಯುದ್ಧಕಾಲದಲ್ಲಿ ಮಾಡಿ ಬಿಟ್ಟಿದ್ದ ರನ್‌ವೇ ಇತ್ತು. ಅದರ ಅಂಚಿಗೆ ಒಂದು ತಗಡಿನ ಶೆಡ್ಡು ಹಾಕಿದರು. ಪರವಾನಗಿಗಾಗಿ ಅವರು ತಿರುಗಿದ ಕಚೇರಿಗಳ ಕತೆ ಬೇರೆಯೇ ಇದೆ. ಅದನ್ನು ಹೇಳುತ್ತ ಕೂತರೆ ನಿನ್ನ ದೀಕ್ಷೆಯ ಮುಹೂರ್ತ ದಾಟಿ ಹೋದೀತು.

ವಿಮಾನಕ್ಕೆಂದೇ ಮಾಡಿದ ಎಂಜಿನ್ ಅವರ ಕೈಗೆ ಎಟಕುವಂಥದ್ದಲ್ಲ. ಒಂದು ಹಳೆಯ ಕಾರಿನ ಎಂಜಿನ್ ತಂದರು. ಅಲ್ಲಿ ಒಂದು ತೊಡಕು ಬಂತು. ಕಾರಿನ ಎಂಜಿನ್ ನಿಮಿಷಕ್ಕೆ ನಾಲ್ಕೂವರೆ ಸಾವಿರ ಸುತ್ತು ತಿರುಗಿದರೆ ಮಾತ್ರ ತನ್ನ ಪೂರ್ತಿ ಬಲ ಕೊಡುತ್ತದೆ. ಗಾಳಿಯನ್ನು ಹಿಂದಕ್ಕೆ ತಳ್ಳುವ ಮರದ ಪಂಖ ಅಷ್ಟು ಜೋರಾಗಿ ತಿರುಗಿದರೆ ಬರೀ ಚೀರುತ್ತದೆ, ಕೆಲಸ ಮಾಡುವುದಿಲ್ಲ. ಅದಕ್ಕೆ ಎರಡು ಸಾವಿರ ಸುತ್ತು ಸಾಕು. ಆದ್ದರಿಂದ ಎಂಜಿನ್ನಿಗೆ ಒಂದು ಸಣ್ಣ ಗಾಲಿ, ಪಂಖಕ್ಕೆ ಒಂದು ದೊಡ್ಡ ಗಾಲಿ, ಎರಡನ್ನೂ ಕೂಡಿಸುವ ಹಲ್ಲಿನ ಬೆಲ್ಟು. ಎಂಜಿನ್ ಎರಡು ಸುತ್ತಿಗಿಂತ ತುಸು ಹೆಚ್ಚು ತಿರುಗಿದರೆ ಪಂಖ ಒಂದು ಸುತ್ತು ತಿರುಗುತ್ತದೆ. ಗಿರಣಿಯ ಬೆಲ್ಟುಗಳ ನಡುವೆಯೇ ಬಾಳಿದ ಫಿಟ್ಟರನಿಗೆ ಇದು ಎಡಗೈ ಕೆಲಸ.

ಬಡಗಿ ತೆಳು ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ ಪಂಖ ಕೆತ್ತಿದ. ನಡುವೆ ಆನಿಸಿ ನಿಲ್ಲಿಸಿದರೆ, ಒಂದು ಕೊನೆಗೆ ನೊಣ ಕೂತರೂ ಆ ಕಡೆ ವಾಲಬೇಕು. ಅಷ್ಟು ಸಮ. ಎಂಟು ವರ್ಷ ಇಬ್ಬರೂ ಒಂದೇ ಬುತ್ತಿ ಬಿಚ್ಚಿ ಉಂಡರು. ಎಂಟನೆಯ ವರ್ಷ ವಿಮಾನ ತನ್ನ ಗಾಲಿಗಳ ಮೇಲೆ ನಿಂತಿತು.

ಆ ಕಾಲದಲ್ಲಿ ಹೊಸ ಗಾಡಿ ಕೊಂಡವರಿಗೆ ಒಂದು ಪದ್ಧತಿ ಇತ್ತು. ಹಿಂದಿನ ಗಾಜಿಗೆ ‘ರನ್ನಿಂಗ್ ಇನ್’ ಎಂದು ಚೀಟಿ ಅಂಟಿಸಿ, ಎಂಜಿನ್ ಪಳಗುವ ತನಕ ಮೆಲ್ಲಗೆ ಓಡಿಸುತ್ತಿದ್ದರು. ಎತ್ತಿನ ಗಾಡಿ ಹಿಂದೆ ಹಾಕಿ ಹೋದರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಫಿಟ್ಟರ್ ಆ ಪದ್ಧತಿಯನ್ನು ವೇದವಾಕ್ಯ ಮಾಡಿಕೊಂಡ. ತಾನೇ ಬಿಚ್ಚಿ ತಾನೇ ಜೋಡಿಸಿದ ಎಂಜಿನ್ ಅದು. ವಿಮಾನವನ್ನು ಗೂಟಕ್ಕೆ ಕಟ್ಟಿ, ದಿನಾ ಸಂಜೆ ಒಂದು ತಾಸು, ಹದಿನೈದು ನೂರು ಸುತ್ತಿನಲ್ಲಿ ಓಡಿಸುತ್ತಿದ್ದ. ಸುತ್ತು ತೋರಿಸುವ ಡಯಲಿನ ಮುಳ್ಳು ಒಂದು ಕೂದಲು ಮೇಲೆ ಹೋಗುವಂತಿಲ್ಲ, ಕೆಳಗೆ ಬರುವಂತಿಲ್ಲ. ಬಾಣಂತಿಯನ್ನು ನೋಡಿಕೊಂಡಂತೆ ನೋಡಿಕೊಂಡ.

ಒಂಬತ್ತನೆಯ ಸಂಜೆ ಬೆಲ್ಟಿನ ಹಲ್ಲುಗಳು ಕಿತ್ತು ಹೋದವು.

ಗಿರಣಿಯ ಪಾಠ ಸರಳ. ಬೆಲ್ಟು ಹರಿದರೆ ಅದಕ್ಕಿಂತ ಅಗಲದ್ದು ಹಾಕು. ಅವನು ಹಾಕಿದ. ಆರನೆಯ ಸಂಜೆ ಸಣ್ಣ ಗಾಲಿಯ ಬೋಲ್ಟುಗಳು ಕತ್ತರಿಸಿ ಬಿದ್ದವು. ದಪ್ಪ ಬೋಲ್ಟು ಹಾಕಿದ. ನಾಲ್ಕನೆಯ ಸಂಜೆ ಆ ಗಾಲಿಯನ್ನು ಹೊತ್ತ ಉಕ್ಕಿನ ಶಾಫ್ಟೇ ಬಿರುಕು ಬಿಟ್ಟಿತು. ಇನ್ನೊಂದು ಗೇಣು ಒಳಗೆ ಹೋದರೆ ಎಂಜಿನ್ನಿನ ಹೊಟ್ಟೆ.

ಚಂದ್ರಾಮ, ಇಲ್ಲಿ ಸ್ವಲ್ಪ ನಿಂತು ನೋಡು. ಅವನು ಬಲ ಹೆಚ್ಚಿಸಿದಷ್ಟೂ ಬೇಗ ಮುರಿಯುತ್ತಿತ್ತು. ಮುರಿತ ಒಂದೊಂದೇ ಹೆಜ್ಜೆ ಎಂಜಿನ್ನಿನ ಹತ್ತಿರ ಬರುತ್ತಿತ್ತು. ಫಿಟ್ಟರನಿಗೆ ಇದು ಕಾಣಲಿಲ್ಲವೆಂದಲ್ಲ. ಆದರೆ ಅವನಿಗೆ ಸಿಟ್ಟು ಬಂದಿತ್ತು, ಮತ್ತು ಸಿಟ್ಟು ಬಂದವನ ಕಣ್ಣಿಗೆ ಮೊದಲು ಕಾಣುವುದು ಪಕ್ಕದಲ್ಲಿ ನಿಂತವನ ತಪ್ಪು.

“ನಿನ್ನ ಕಟ್ಟಿಗಿ ಎಲ್ಲೋ ಒಂದ್ ಕಡೆ ಭಾರ ಐತಿ,” ಎಂದ ಫಿಟ್ಟರ್. “ಅದಕ್ಕ ನನ್ನ ಕಬ್ಬಿಣ ತಡೀವಲ್ದು.”

“ನನ್ನ ಕಟ್ಟಿಗಿ ತನ್ನ ಪಾಡಿಗೆ ತಾ ಸಮಾ ತಿರಗತೈತಿ. ಒದರಾಡೂದು ನಿನ್ನ ಎಂಜಿನ್.”

“ಎಂಜಿನ್ನಿನ ಬಗ್ಗೆ ನಿನಗೇನ ಗೊತ್ತು?”

ಎಂಟು ವರ್ಷ ಎಂಜಿನ್ನಿನ ಪಕ್ಕ ಕೂತು ಉಂಡವನಿಗೆ ಆಡುವ ಮಾತಲ್ಲ ಅದು. ಆಡಿ ಆಯಿತು. ಬಡಗಿ ಪಂಖ ಬಿಚ್ಚಿದ, ಕಂಬಳಿಯಲ್ಲಿ ಸುತ್ತಿದ, ಸೈಕಲ್ಲಿಗೆ ಅಡ್ಡ ಕಟ್ಟಿಕೊಂಡು ಮನೆಗೆ ಹೋದ.

ಮೂರು ತಿಂಗಳು ಶೆಡ್ಡಿಗೆ ಬೀಗ ಬಿತ್ತು. ಫಿಟ್ಟರ್ ಬಡಗಿಯ ಓಣಿ ತಪ್ಪಿಸಿ ಸುತ್ತು ಹಾಕಿ ಗಿರಣಿಗೆ ಹೋಗುತ್ತಿದ್ದ. ಊಟ ಸೇರುತ್ತಿರಲಿಲ್ಲ. ವಿಮಾನ ಹಾರಲಿಲ್ಲ ಎಂಬ ದುಃಖಕ್ಕಿಂತ, ಅದನ್ನು ಯಾರ ಹತ್ತಿರವೂ ಹೇಳಿಕೊಳ್ಳಲಾಗದ ದುಃಖ ಅವನಿಗೆ ದೊಡ್ಡದಾಗಿತ್ತು. ಹೇಳಿಕೊಳ್ಳಬಹುದಾಗಿದ್ದವನು ಒಬ್ಬನೇ, ಅವನ ಹತ್ತಿರ ಮಾತು ಬಿಟ್ಟಿತ್ತು. ಕೊನೆಗೆ ಹಟಕ್ಕೆ ಬಿದ್ದು, ಬೇರೆ ಊರಿನ ಬೇರೆ ಬಡಗಿಯಿಂದ ಇನ್ನೊಂದು ಪಂಖ ಮಾಡಿಸುತ್ತೇನೆಂದು ಒಂದು ಮುಂಜಾನೆ ಬಸ್ಸು ಹತ್ತಿದ.

ಹಳೆಯ ಬಸ್ಸು. ಫಿಟ್ಟರನಿಗೆ ಡ್ರೈವರ್ ಹಿಂದಿನ ಸೀಟು ಸಿಕ್ಕಿತು. ಊರು ದಾಟಿ ವೇಗ ಏರುತ್ತಿದ್ದಂತೆ ಬಸ್ಸು ಒಮ್ಮೆಲೆ ಗಡಗಡ ನಡುಗತೊಡಗಿತು. ಕಿಟಕಿಯ ಗಾಜು, ಸೀಟು, ತಲೆಯ ಮೇಲಿನ ಗಂಟುಗಳು, ಮುದುಕನೊಬ್ಬನ ಕಟ್ಟಿಸಿದ ಹಲ್ಲು, ಎಲ್ಲವೂ. ಡ್ರೈವರ್ ನಿಧಾನ ಮಾಡಲಿಲ್ಲ. ಇನ್ನೊಂದಿಷ್ಟು ತುಳಿದ. ನಡುಕ ನಿಂತು ಹೋಯಿತು. ಮುಂದೆ ಒಂದು ಹಳ್ಳಿಯಲ್ಲಿ ನಿಲ್ಲಿಸಿ ಮತ್ತೆ ಹೊರಟಾಗಲೂ ಅದೇ ಆಯಿತು. ಅದೇ ವೇಗಕ್ಕೆ ಬಂದಾಗ ನಡುಗಿತು, ದಾಟಿದ ಮೇಲೆ ಸುಮ್ಮನಾಯಿತು.

ಫಿಟ್ಟರನಿಗೆ ತಡೆಯಲಿಲ್ಲ. “ಗಾಡಿ ನಡಗಾಕತ್ತಿದ್ರ ಮೆಲ್ಲಕ ಹೊಡೀಬೇಕಲ್ಲಪಾ?”

“ಇದು ಮೂವತ್ತೈದರಾಗ ನಡಗತೈತ್ರಿ,” ಎಂದ ಡ್ರೈವರ್. “ಮೂವತ್ತಕ್ಕ ಇಲ್ಲ, ನಲವತ್ತಕ್ಕ ಇಲ್ಲ. ಮೊದಲೊಬ್ಬ ಹೊಸ ಡ್ರೈವರ್ ಇದ್ದ, ಭಾಳ ಒಳ್ಳೆ ಮನಶ್ಯಾ. ಗಾಡಿಗೆ ತ್ರಾಸ ಆಗಬಾರದು ಅಂತ ಮೂವತ್ತೈದರ ಮ್ಯಾಗ ಹೊಡೀತಿದ್ದಿಲ್ಲ. ಒಂದ ತಿಂಗಳದಾಗ ನಟ್ಟೆಲ್ಲಾ ಉದುರಿದ್ವು. ಅಲ್ಲಿ ನಿಂದ್ರಬಾರದ್ರಿ. ದಾಟಬೇಕು.”

ಫಿಟ್ಟರ್ ಮುಂದಿನ ಹಳ್ಳಿಯಲ್ಲಿ ಇಳಿದುಬಿಟ್ಟ. ಅವನ ಟಿಕೀಟು ಇನ್ನೂ ಅರವತ್ತು ಕಿಲೋಮೀಟರ್ ಮುಂದಕ್ಕಿತ್ತು.

ಅವನಿಗೆ ತಿಳಿದದ್ದು ಇಷ್ಟು. ಎಂಜಿನ್ ಸಮವಾಗಿ ತಿರುಗುವುದಿಲ್ಲ. ಒಳಗೆ ಒಂದೊಂದು ಸಲ ಉರಿ ಹೊತ್ತಿದಾಗಲೂ ಒಂದೊಂದು ಒದೆತ ಕೊಡುತ್ತದೆ, ನಡುವೆ ಸುಮ್ಮನಿರುತ್ತದೆ. ಅದು ಅದರ ಹುಟ್ಟುಗುಣ. ಪಂಖ ಭಾರದ್ದು, ಸೋಮಾರಿ. ಯಾರು ಒದ್ದರೂ ತನ್ನ ಗತಿ ಬಿಡುವುದಿಲ್ಲ. ಅದು ಅದರ ಹುಟ್ಟುಗುಣ. ಇವೆರಡರ ನಡುವೆ ಸಿಕ್ಕ ಬೆಲ್ಟು, ಶಾಫ್ಟು ಒಂದು ಒದೆತಕ್ಕೆ ತುಸು ತಿರುಚಿಕೊಳ್ಳುತ್ತವೆ, ಮತ್ತೆ ತಿರುಗಿ ಬರುತ್ತವೆ. ಪಂಚಮಿಯ ಜೋಕಾಲಿ ನೋಡಿದ್ದೀಯಲ್ಲ. ಅದು ತಿರುಗಿ ಬರುವ ಹೊತ್ತಿಗೇ ಸರಿಯಾಗಿ ಬೆರಳಿನಿಂದ ನೂಕಿದರೂ ಸಾಕು, ಹತ್ತು ಸಲಕ್ಕೆ ಅದು ಕೊಂಬೆ ಮುಟ್ಟುತ್ತದೆ. ಹೊತ್ತು ತಪ್ಪಿಸಿ ನೂಕಿದರೆ ಏನೂ ಆಗುವುದಿಲ್ಲ. ಹಾಗೆಯೇ ಎಂಜಿನ್ನಿನ ಒದೆತವೂ ಬೆಲ್ಟಿನ ತಿರುಚೂ ಒಂದಕ್ಕೊಂದು ತಾಳ ಕೂಡುವ ಒಂದು ವೇಗವಿತ್ತು. ಅದಕ್ಕಿಂತ ಮೇಲೆ ಹೋದರೆ ಭಯವಿರಲಿಲ್ಲ. ಫಿಟ್ಟರ್ ಹುಡುಕಿ ಹುಡುಕಿ ಆ ವೇಗದ ಅಂಗಳದಲ್ಲೇ ದಿನಾ ಒಂದು ತಾಸು ಕೂತಿದ್ದ. ಬೆಲ್ಟು, ಶಾಫ್ಟು ಬಿಗಿ ಮಾಡಿದಂತೆಲ್ಲ ಆ ಕೆಟ್ಟ ವೇಗ ಇನ್ನಷ್ಟು ಮೇಲೆ ಏರಿ, ಸರಿಯಾಗಿ ಅವನ ಹದಿನೈದು ನೂರಕ್ಕೇ ಬಂದು ಕೂತಿತ್ತು. ಮುರಿದದ್ದು ಅವನ ನಿಷ್ಕಾಳಜಿಯಿಂದಲ್ಲ. ಅವನ ಜತನದಿಂದ.

ಅವನು ಬಸ್ಸು ಹಿಡಿದು ತಿರುಗಿ ಬಂದವನೇ, ಮೂರು ತಿಂಗಳು ತಪ್ಪಿಸಿದ ಓಣಿಗೆ ಹೋದ. ಬಡಗಿ ಅಂಗಳದಲ್ಲಿ ಬಾಗಿಲ ಚೌಕಟ್ಟು ಕೆತ್ತುತ್ತಿದ್ದ. ತಲೆ ಎತ್ತಲಿಲ್ಲ.

“ತಪ್ಪು ನಿನ್ನ ಕಟ್ಟಿಗೀದಲ್ಲ,” ಎಂದ ಫಿಟ್ಟರ್.

“ಅದು ನನಗ ಗೊತ್ತೈತಿ. ನಿನ್ನ ಕಬ್ಬಿಣದ್ದು.”

“ಕಬ್ಬಿಣದ್ದೂ ಅಲ್ಲೋ. ನಾ ಅದನ್ನ ಒಯ್ದು ನಿಂದ್ರಿಸಿದ ಜಾಗಾದ್ದು. ಇನ್ನ, ನಿನಗೇನ ಗೊತ್ತು ಅಂದ್ನೆಲ್ಲ, ಅದು ಮಾತ್ರ ಪೂರಾ ನಂದು.”

ಬಡಗಿ ಉಳಿ ಕೆಳಗಿಟ್ಟ. ಆಮೇಲೆ ಒಳಗೆ ಕೂಗಿ ಎರಡು ಕಪ್ಪು ಚಹಾ ಇಡಲು ಹೇಳಿದ. ಫಿಟ್ಟರನಿಗೆ ಅಳು ಬಂತು. ಅವನು ಅದನ್ನು ಮುಚ್ಚಿಡಲೂ ಇಲ್ಲ.

ಮರುದಿನದಿಂದ ಇಬ್ಬರೂ ಸೇರಿ ಹಾಕಿದ ಬಲವನ್ನೆಲ್ಲ ಬಿಚ್ಚಿದರು. ಅಗಲದ ಬೆಲ್ಟು ತೆಗೆದು ಮೊದಲಿನ ಅಗಲದ್ದೇ ಹಾಕಿದರು. ಹೊಸ ಶಾಫ್ಟು ಕೂರಿಸಿ, ಎಂಜಿನ್ನಿಗೂ ಸಣ್ಣ ಗಾಲಿಗೂ ನಡುವೆ ಉಕ್ಕಿಗೆ ಉಕ್ಕು ಬಿಗಿಯುವ ಬದಲು ರಬ್ಬರಿನ ಗಟ್ಟಿಗಳನ್ನು ಇಟ್ಟರು. ಒದೆತ ಬಂದರೆ ರಬ್ಬರು ತುಸು ಒಪ್ಪಿಕೊಳ್ಳಲಿ ಎಂದು. ಇನ್ನು ಕೆಟ್ಟ ವೇಗ ಎಲ್ಲಿ ಕೂತಿದೆ ಎಂದು ಹುಡುಕಬೇಕಿತ್ತು. ಎಂಜಿನ್ನಿನ ಬಗ್ಗೆ ಏನೂ ಗೊತ್ತಿಲ್ಲದ ಬಡಗಿಯೇ ಆ ಕೆಲಸ ಮಾಡಿದ. ಪಂಖದಿಂದ ದೂರ, ಹಿಂಬದಿಗೆ ನಿಂತು, ಉದ್ದನೆಯ ಸಾಗವಾನಿ ಕೋಲಿನ ಒಂದು ತುದಿಯನ್ನು ಶಾಫ್ಟು ಹೊತ್ತ ಬೇರಿಂಗಿನ ಮನೆಗೆ ಒತ್ತಿ, ಇನ್ನೊಂದು ತುದಿಯನ್ನು ಕಿವಿಗಿಟ್ಟುಕೊಂಡ. ಮರದ ಮಾತು ಅವನಿಗೆ ತಿಳಿಯುತ್ತಿತ್ತು. ಒಳಗೆ ಕಟಕಟ ಶುರುವಾದಾಗ ಕೈ ಎತ್ತಿದ, ನಿಂತಾಗ ಇಳಿಸಿದ. ಫಿಟ್ಟರ್ ಮುಳ್ಳು ನೋಡಿಕೊಂಡ.

ಎಂಟು ನೂರಕ್ಕೆ ಕೈ ಮೇಲೆ ಹೋಯಿತು. ಸಾವಿರದ ನೂರಕ್ಕೆ ಕೆಳಗೆ ಬಂತು. ಅಲ್ಲಿಂದ ಮೇಲೆ ನಾಲ್ಕೂವರೆ ಸಾವಿರದ ತನಕ ಕೈ ಏಳಲಿಲ್ಲ. ಫಿಟ್ಟರ್ ಹೆಂಡತಿಯ ಉಗುರಿನ ಬಣ್ಣ ತಂದು, ಡಯಲಿನ ಮೇಲೆ ಎಂಟು ನೂರರಿಂದ ಸಾವಿರದ ನೂರರ ತನಕ ಕೆಂಪು ಬಳಿದ. ಎಂಜಿನ್ ಎಷ್ಟೇ ನಿಧಾನವಾದರೂ ಹದಿಮೂರು ನೂರಕ್ಕಿಂತ ಕೆಳಗೆ ನಿಲ್ಲದಂತೆ ತಿರುಪು ಕೂರಿಸಿದ. ಶುರು ಮಾಡುವಾಗ ಕೆಂಪನ್ನು ಹಾಯಲೇಬೇಕು, ನಿಲ್ಲಿಸುವಾಗಲೂ ಹಾಯಲೇಬೇಕು. ಹಾಯ್ದು ಹೋಗುವುದಕ್ಕೆ ಅಡ್ಡಿಯಿಲ್ಲ. ಅಲ್ಲಿ ಚಾಪೆ ಹಾಸಬಾರದು, ಅಷ್ಟೇ.

ಎಂಜಿನ್ ಒದೆಯುವುದನ್ನು ಬಿಟ್ಟಿತೇ? ಇಲ್ಲ. ಪಂಖ ತನ್ನ ಹಟ ಬಿಟ್ಟಿತೇ? ಅದೂ ಇಲ್ಲ. ಇಬ್ಬರ ಗುಣವೂ ಇದ್ದ ಹಾಗೆ ಇತ್ತು. ಐವತ್ತು ತಾಸು ಓಡಿಸಿದರು, ನೂರು ತಾಸು ಓಡಿಸಿದರು. ಬೆಲ್ಟಿನ ಒಂದು ಹಲ್ಲೂ ಸವೆಯಲಿಲ್ಲ.

ಆಮೇಲೆ ಒಂದು ದಿನ ಬೆಳಿಗ್ಗೆ, ಗಾಳಿ ಏಳುವ ಮೊದಲು, ಫಿಟ್ಟರ್ ಒಬ್ಬನೇ ವಿಮಾನದಲ್ಲಿ ಕೂತ. ಬಡಗಿ ರನ್‌ವೇ ಅಂಚಿನಲ್ಲಿ ನಿಂತ. ವಿಮಾನ ಓಡಿತು, ಬಾಲ ಎತ್ತಿತು, ನೆಲ ಬಿಟ್ಟಿತು. ಬಡಗಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ತನ್ನ ಕೈಯಲ್ಲಿ ಕೆತ್ತಿದ ಮರ ತನ್ನ ಗೆಳೆಯನನ್ನು ಎತ್ತಿಕೊಂಡು ಹೋಗುವುದನ್ನು ನೋಡುತ್ತಿದ್ದ. ಊರಿಗೆ ಎರಡು ಸುತ್ತು ಹಾಕಿ ಫಿಟ್ಟರ್ ಇಳಿದಾಗ ಬಡಗಿ ಅವನನ್ನು ಕೇಳಿದ್ದು ಒಂದೇ.

“ಮ್ಯಾಲೆ ಹ್ಯಾಂಗಿತ್ತೋ?”

“ನೀ ಇರಬೇಕಿತ್ತು,” ಎಂದ ಫಿಟ್ಟರ್.

ಅದಕ್ಕೇನು, ಮುಂದೆ ಅವನೂ ಹೋದ. ಈಗಲೂ ಇಬ್ಬರೂ ಜಗಳಾಡುತ್ತಾರೆ. ಒದರಾಡಿ ಮುಗಿಸಿ ಬುತ್ತಿ ಬಿಚ್ಚುತ್ತಾರೆ.

ಅಜ್ಜಾರು ಕತೆ ನಿಲ್ಲಿಸಿ ಕನ್ನಡಕ ಹಾಕಿಕೊಂಡರು. ಚಂದ್ರಾಮನ ಮುಖ ಅರಳಿತ್ತು.

“ತಿಳೀತ್ರಿ ಅಜ್ಜಾರ. ನಾ ಎಂಜಿನ್, ಅಕ್ಕ ಪಂಖ. ನಡುವ ರಬ್ಬರ್ ಇರಬೇಕು. ಬಿಗಿ ಮಾಡಬಾರದು.”

“ಪರೀಕ್ಷಾದಾಗ ಪಾಸಾದಿ,” ಎಂದರು ಅಜ್ಜಾರು. “ಐಟಿಐದಾಗೂ ನಿನ್ನಂಥಾವ್ರು ಇದ್ರು. ಚಿತ್ರ ಭಾಳ ಚಂದ ತಗೀತಿದ್ರು. ಮಷೀನ್ ಮುಂದ ನಿಂತ್ರ ಕೈ ನಡಗತಿತ್ತು.”

ಚಂದ್ರಾಮ ತಲೆ ತಗ್ಗಿಸಿದ. “ಹಂಗಾರ ಕಡೀಬಾರದು. ಈ ಭಾನುವಾರ ಮತ್ತ ಹೋಗ್ತೇನ್ರಿ. ಇನ್ನಷ್ಟು ಮೆಲ್ಲಕ ಕೇಳ್ತೇನಿ. ಅವ್ವನ ಸುದ್ದಿ ಯಾಕ ಹೇಳಿ ಕಳಸಲಿಲ್ಲ ಅನ್ನೂದು ಅದೊಂದ ಬಗೀಹರಿಸಿ...”

ಅಜ್ಜಾರು ಕೈ ಎತ್ತಿ ತಡೆದರು.

“ಅದ ಒಂದು ಮಾತಿನ ಮ್ಯಾಲ ಚಾಪಿ ಹಾಸಿ ಕುಂತೀಯಲ್ಲೋ. ಇಷ್ಟು ಭಾನುವಾರ ಹೋಗಿ ಬಂದಿಯಲ್ಲ ಚಂದ್ರಾಮ, ನಿಮ್ಮಕ್ಕ ಹೆಂಗದಾಳ ಹೇಳು.”